ಅತ್ತೆ ಇಟ್ಟ ಅಡ್ಡಕೊಂಬೆ

ನಮ್ಮತ್ತೆಯಷ್ಟು ಪುಕ್ಕಲು ಹೆಂಗಸು ಆ ಕಾಡಿನಲ್ಲಿ ಇನ್ನೊಬ್ಬರಿರಲಿಲ್ಲ. ಎಲೆ ಅಲುಗಿದರೆ ನಿಲ್ಲುತ್ತಿದ್ದರು, ಹಕ್ಕಿಗಳು ಸುಮ್ಮನಾದರೆ ಹಿಂದಕ್ಕೆ ಸರಿಯುತ್ತಿದ್ದರು. ಗಂಡೆದೆಯ ನಮ್ಮ ಮಾವ ಜೇನು ಕೀಳಲು ಹೋದವರು ತಿರುಗಿ ಬಂದಿರಲಿಲ್ಲ. ಹಾಗಾಗಿ ಪ್ರವಾಸಿಗರ ದಾರಿ ಕಾಯಲು ಊರಿನವರು ಬೇಕೆಂದೇ ಈ ಅಂಜುಬುರುಕಿಯನ್ನು ಆರಿಸಿದರು.

ನಮ್ಮದು ರಾಷ್ಟ್ರೀಯ ಉದ್ಯಾನದೊಳಗೆ ಉಳಿದುಕೊಂಡ ಊರು. ಬೇಟೆ, ಸೌದೆ, ಜೇನು ಎಲ್ಲಕ್ಕೂ ತಡೆ ಬಿದ್ದ ಮೇಲೆ ಇಪ್ಪತ್ತು ಮನೆಯವರು ಸಂಘ ಕಟ್ಟಿ, ಅತಿಥಿಗಳಿಗೆಂದು ನಾಲ್ಕು ಕೋಣೆ ಎಬ್ಬಿಸಿದೆವು. ಗುಡಿಸುವುದು, ಹೊದಿಕೆ ಒಗೆಯುವುದು ನನ್ನ ಪಾಲು. ನನ್ನ ಗಂಡ ಅತಿಥಿಗಳನ್ನು ಕಾಡು ಸುತ್ತಿಸುತ್ತಿದ್ದರು. ಅವರಿಗಿಂತ ಮುಂಚೆ ಅತ್ತೆ ಒಬ್ಬರೇ ಎಲ್ಲ ದಾರಿಗಳನ್ನೂ ನೋಡಿಕೊಂಡು, ದಿಬ್ಬ ಸುತ್ತಿ, ಮಧ್ಯಾಹ್ನಕ್ಕೆ ಮನೆ ಸೇರುತ್ತಿದ್ದರು. ಅಪಾಯ ಕಂಡ ದಾರಿಗೆ ಹಸಿ ಕೊಂಬೆಯೊಂದನ್ನು ಅಡ್ಡ ಇಡುತ್ತಿದ್ದರು. ಅದನ್ನು ದಾಟಿ ಯಾರೂ ಹೋಗುವಂತಿರಲಿಲ್ಲ.

ಆ ದಿನ ಪರವಾನಗಿ ತಪಾಸಣೆಗೆ ಅಧಿಕಾರಿ ಬರುವವರಿದ್ದರು. “ದಾರಿ ಕನ್ನಡಿ ಥರ ಇರ್ಬೇಕು ಕಣಮ್ಮ” ಎಂದು ಸಂಘದ ಕಾರ್ಯದರ್ಶಿ ಬೆಳಗಿನಿಂದ ನನ್ನ ಪ್ರಾಣ ತಿಂದರು. ಸಿಟ್ಟಿನಲ್ಲೇ ಪೊರಕೆ ಹಿಡಿದು ತೊರೆ ಕಡೆಯ ದಾರಿಗಿಳಿದೆ. ತರಗೆಲೆ, ಕಡ್ಡಿ, ಕಸ, ಕೈಗೆ ಸಿಕ್ಕಿದ್ದೆಲ್ಲ ಪೊದೆಗೆ ಎಸೆದೆ. ಮನೆಗೆ ಬಂದು ಹೊದಿಕೆ ಹಿಂಡುವಾಗ ಅಂಗೈಯಲ್ಲಿ ಅಂಟಂಟು ಸೊನೆ ಕಂಡಿತು. ಒಣ ಕಡ್ಡಿಗೆ ಸೊನೆ ಎಲ್ಲಿಂದ ಬರಬೇಕು? ನನ್ನ ಗಂಡ ಐವರು ಅತಿಥಿಗಳೊಂದಿಗೆ ಅದೇ ದಾರಿ ಹಿಡಿದು ಅರ್ಧ ಗಂಟೆಯಾಗಿತ್ತು.

ಓಡಿದೆ. ಕೂಗಿದರೆ ಮೃಗ ರೇಗುತ್ತದೆಂಬ ಭಯ, ಕೂಗದಿದ್ದರೆ ಅವರು ಮುಂದೆ ಹೋಗುತ್ತಾರೆಂಬ ಭಯ. ತೊರೆಯ ಹತ್ತಿರ ಚೀರಾಟ ಕೇಳಿಸಿತು. ನನ್ನ ಕಾಲು ಮುಂದಕ್ಕೂ ಬರಲಿಲ್ಲ, ಹಿಂದಕ್ಕೂ ಹೋಗಲಿಲ್ಲ.

ಮರಿಗಳಿದ್ದ ಕರಡಿ ಒಬ್ಬ ಅತಿಥಿಯ ಭುಜ ಸಿಗಿದಿತ್ತು. ದಿಬ್ಬದಿಂದ ಇಳಿದು ಬಂದ ಅತ್ತೆ ನಡುವೆ ನುಗ್ಗಿ, ಕೋಲಿನಿಂದ ನೀರಿನ ಡಬ್ಬಿ ಬಡಿದು ಅದನ್ನು ಓಡಿಸಿದ್ದರು. ನಾನು ಸೇರುವಷ್ಟರಲ್ಲಿ ಕರಡಿ ಹೋಗಿತ್ತು, ಆದರೂ ಅತ್ತೆ ಡಬ್ಬಿ ಬಡಿಯುತ್ತಲೇ ಇದ್ದರು.

ಸಂಜೆ ಅಧಿಕಾರಿ ಎಲ್ಲರನ್ನೂ ಕೂರಿಸಿ ಕೇಳಿದರು. “ಊರಿನ ವ್ಯವಸ್ಥೆನೇ ಸರಿ ಇಲ್ಲ ಅಂದ್ರೆ ಕೋಣೆಗಳಿಗೆಲ್ಲ ಬೀಗ ಹಾಕ್ತೀವಿ. ಒಬ್ಬರ ತಪ್ಪಾದ್ರೆ ಅವರನ್ನ ಮಾತ್ರ ತೆಗೀತೀವಿ. ಕೊಂಬೆ ಯಾಕಿರಲಿಲ್ಲ?”

ಗುಡಿಸಲು ಹೇಳಿದ್ದ ಕಾರ್ಯದರ್ಶಿ ನೆಲ ನೋಡುತ್ತ ನಿಂತರು. ನಾನು ಅಂಗೈಯನ್ನು ಸೆರಗಿಗೆ ಒರೆಸಿಕೊಂಡೆ. ಅತ್ತೆಯ ಕಣ್ಣು ಸೊನೆಯಿಂದ ಕಪ್ಪಾಗಿದ್ದ ನನ್ನ ಅಂಗೈ ಮೇಲೆ ಒಂದು ಗಳಿಗೆ ನಿಂತಿತು.

“ಇಡೋದು ಮರೆತೆ ಸಾರ್. ವಯಸ್ಸಾಯ್ತಲ್ಲ.”

ಮಾರನೆಯ ದಿನದಿಂದ ಅತ್ತೆ ನನ್ನ ಜೊತೆ ಕೋಣೆ ಗುಡಿಸಲು ಬಂದರು. “ನಿಜ ಹೇಳ್ಬಿಡ್ತೀನಿ ಅತ್ತೆ” ಎಂದು ಒಮ್ಮೆ ನಾನು ಕಣ್ಣೀರು ಹಾಕಿದೆ.

“ಬಾಯಿ ಮುಚ್ಕೊಂಡಿರು. ಗುಡಿಸು ಅಂದಿದ್ದು ಸಂಘ ಅಂತ ಗೊತ್ತಾದ್ರೆ ಬೀಗ ಬೀಳುತ್ತೆ. ಇಪ್ಪತ್ತು ಮನೆ ಒಲೆ ಉರೀಬೇಕು” ಎಂದು ಗದರಿದರು.

ಅವರು ತೀರಿಕೊಂಡು ಮೂರು ವರ್ಷವಾಯಿತು. ಆ ಅತಿಥಿಯ ಸುದ್ದಿ ಬಂದಾಗಲೆಲ್ಲ ನನ್ನ ಗಂಡ, “ಅಮ್ಮ ಅವತ್ತೊಂದು ದಿನ ಮರೀದೇ ಇದ್ದಿದ್ರೆ” ಎನ್ನುತ್ತಾರೆ. ನಾನು ಊಟ ಬಡಿಸುತ್ತ “ಹೂಂ” ಅನ್ನುತ್ತೇನೆ.