ಅವ್ವ ಇಂಜಿನ್ ಮುಟ್ಟಿದ ಬೇಸಿಗೆ

ನಾಗನೂರಿನ ನಮ್ಮ ತೋಟದ ಮನೆಯತನಕ ಕರೆಂಟಿನ ಕಂಬ ಇನ್ನೂ ಬಂದಿರದ ದಿನಗಳವು. ಬಾವಿಯ ನೀರೆತ್ತಲು ಒಂದು ಡೀಸೆಲ್ ಇಂಜಿನ್ ಇತ್ತು. ಅದರ ತಗಡಿನ ಶೆಡ್ಡು ಮನೆಗೆ ಅಂಟಿಕೊಂಡೇ ಇದ್ದುದರಿಂದ ಒಗ್ಗರಣೆಯ ವಾಸನೆಯೂ ಡೀಸೆಲ್ ವಾಸನೆಯೂ ನಮ್ಮ ಅಂಗಳದಲ್ಲಿ ಬೆರೆಯುತ್ತಿದ್ದವು. ನಾನೂ ತಮ್ಮನೂ ಕುಂಟಾಬಿಲ್ಲೆ ಆಡುತ್ತಿದ್ದುದು ಅಲ್ಲೇ. ಶೆಡ್ಡಿನೊಳಗೆ ಮಾತ್ರ ಕಾಲಿಡುವಂತಿರಲಿಲ್ಲ. ಅವ್ವನೂ ಹೋಗುತ್ತಿರಲಿಲ್ಲ. ಅದು ಅಪ್ಪನ ಜಾಗ.

ನಾನು ಐದನೇ ಇಯತ್ತೆ ಮುಗಿಸಿದ ಬೇಸಿಗೆಯಲ್ಲಿ ಅಪ್ಪ ಬಾವಿಯ ಮೆಟ್ಟಿಲ ಮೇಲೆ ಜಾರಿ ಬಲಗೈ ಮುರಿದುಕೊಂಡ. ಗೋಕಾಕಕ್ಕೆ ಹೋಗಿ ಪ್ಲಾಸ್ಟರ್ ಹಾಕಿಸಿಕೊಂಡು ಬಂದ. ಅದೇ ವಾರ ಇಂಜಿನ್ ನಿಂತಿತು. ಪಕ್ಕದ ತೋಟದ ಬಸಪ್ಪ ಕಾಕಾ ಹ್ಯಾಂಡಲ್ ತಿರುಗಿಸಿ ತಿರುಗಿಸಿ ಬೆವತರೂ ಚಾಲೂ ಆಗಲಿಲ್ಲ. ಹ್ಯಾಂಡಲ್ ಹಗುರಾಗಿ ತಿರುಗುವುದನ್ನು ನೋಡಿಯೇ ಅಪ್ಪನಿಗೆ ಗೊತ್ತಾಯಿತು. ವಾಲ್ ಒತ್ತುವ ಟ್ಯಾಪೆಟ್ ಬಿಗಿಯಾಗಿದೆ, ವಾಲ್ ಪೂರಾ ಮುಚ್ಚುತ್ತಿಲ್ಲ, ಒಳಗೆ ಗಾಳಿ ನಿಲ್ಲುತ್ತಿಲ್ಲ ಎಂದ. ಮೂಡಲಗಿಯ ಇಂಜಿನ್ ಮಿಸ್ತ್ರಿ ಮಗಳ ಲಗ್ನದ ಗಡಿಬಿಡಿಯಲ್ಲಿದ್ದ. ಎಂಟು ದಿನ ಬರಲಾಗದು ಎಂದು ಹೇಳಿ ಕಳಿಸಿದ.

ಬಾವಿಯ ಬಾಜೂ ಅವ್ವ ತನ್ನ ಕೈಯಾರೆ ಹಚ್ಚಿದ ಬದನೆ, ಮೆಣಸಿನ ಸಸಿಗಳಿದ್ದವು. ಎರಡೇ ದಿನಕ್ಕೆ ಅವು ತಲೆ ಚೆಲ್ಲಿದವು. ಅವ್ವ ಕೊಡದಲ್ಲಿ ನೀರು ಹೊತ್ತು ಹಾಕಿದಳು. ಮೂರನೆಯ ದಿನ ಮುಂಜಾನೆ ಕೊಡ ಕೆಳಗಿಟ್ಟು ಅಪ್ಪನ ಮುಂದೆ ಬಂದು ನಿಂತಳು.

"ಏನ್ ಮಾಡಬೇಕಂತ ಹೇಳ್ರಿ. ನಾ ಮಾಡ್ತೇನಿ."

ಅಪ್ಪ ತನ್ನ ಪ್ಲಾಸ್ಟರಿನ ಕೈ ನೋಡಿಕೊಂಡ. ಆಮೇಲೆ ಎದ್ದು ಶೆಡ್ಡಿನ ಬಾಗಿಲು ತೆಗೆದ. ನಾನೂ ಹಿಂದೆ ಹೋದೆ. ಬೇಡವೆನ್ನಲು ಯಾರಿಗೂ ನೆನಪಾಗಲಿಲ್ಲ.

ಅವ್ವ ಇಂಜಿನ್ನಿನ ಮೇಲಿನ ಮುಚ್ಚಳ ಬಿಚ್ಚಿದಳು. ಒಳಗೆ ಕರೀ ಎಣ್ಣೆಯಲ್ಲಿ ಮಿಂದ ಎರಡು ವಾಲಿನ ಸ್ಪ್ರಿಂಗು, ಅವನ್ನು ಒತ್ತುವ ಎರಡು ಕಬ್ಬಿಣದ ತೋಳು. ದೊಡ್ಡ ಚಕ್ರವನ್ನು ಕೈಯಿಂದ ಮೆಲ್ಲಗೆ ತಿರುಗಿಸಿ, ಎರಡೂ ವಾಲ್ ಮುಚ್ಚಿದಲ್ಲಿ ನಿಲ್ಲಿಸು ಎಂದ ಅಪ್ಪ. ಬಿಸಿಯಾದರೆ ಕಬ್ಬಿಣ ಬೆಳೆಯುತ್ತದೆ, ಅದಕ್ಕೇ ತಣ್ಣಗಿದ್ದಾಗ ತೋಳಿಗೂ ವಾಲಿಗೂ ನಡುವೆ ಕೂದಲೆಳೆಯಷ್ಟು ಸಂದು ಬಿಡಬೇಕು ಎಂದು ವಿವರಿಸಿದ. ಆ ಸಂದು ಅಳೆಯಲು ಒಂದು ತೆಳುವಾದ ಉಕ್ಕಿನ ಪಟ್ಟಿ ಇತ್ತು. ಅದು ಸಡಿಲಾಗಿಯೂ ಹೋಗಬಾರದು, ಸಿಕ್ಕಿಯೂ ಬೀಳಬಾರದು.

ಅವ್ವ ಸ್ಕ್ರೂ ತಿರುಗಿಸಿ ಸಂದು ಸರಿ ಮಾಡಿದಳು. ಪಾನಾದಿಂದ ಅದರ ಮೇಲಿನ ನಟ್ಟು ಬಿಗಿ ಮಾಡುವಾಗ ಸ್ಕ್ರೂ ಅದರ ಜೊತೆಗೇ ತಿರುಗಿ ಪಟ್ಟಿ ಸಿಕ್ಕಿಬಿತ್ತು. ಮತ್ತೆ ಸಡಿಲಿಸಿದಳು, ಮತ್ತೆ ಹಾಗೇ ಆಯಿತು. ಮೂರನೆಯ ಸಲ ಅಪ್ಪನಿಗೆ ತಡೆಯಲಾಗಲಿಲ್ಲ. ಎಡಗೈಯಿಂದ ಪಾನಾ ಕಸಿದುಕೊಂಡು, ಹೆಂಗಸರ ಕೈಗೆ ಇಂಜಿನ್ ಕೊಟ್ಟದ್ದೇ ತನ್ನ ತಪ್ಪು ಎಂದುಬಿಟ್ಟ.

ಅವ್ವ ಚಿಂದಿಯಿಂದ ಬೆರಳೊಂದೊಂದನ್ನೇ ಒರೆಸಿಕೊಂಡು ಹೋಗಿ ರೊಟ್ಟಿ ಬಡಿಯಲು ಕುಳಿತಳು. ನನಗೆ ಅಳು ಬಂದಿತ್ತು. ಶೆಡ್ಡಿನಿಂದ ಪಾನಾ ಬಿದ್ದ ಸದ್ದು ಎರಡು ಸಲ ಕೇಳಿತು. ಒಂದೇ ಕೈಯಿಂದ ಅಪ್ಪ ತಾನೇ ಮಾಡಿ ನೋಡಿದ್ದನೆಂದು ಕಾಣುತ್ತದೆ.

ಸ್ವಲ್ಪ ಹೊತ್ತಿಗೆ ಅಪ್ಪ ಬಂದು ಒಲೆಯ ಹತ್ತಿರ ಕುಳಿತ. ಅವ್ವ ಬಿಸಿ ರೊಟ್ಟಿ, ಜುಣಕ ಮುಂದಿಟ್ಟಳು. ಅವನು ತುತ್ತು ಮುರಿಯಲಿಲ್ಲ.

"ನಾ ಇದನ್ನ ಕಲಿಯಾಕ ಒಂದ್ ವರ್ಷ ತಗೊಂಡೇನಿ," ಎಂದ. "ನಿನಗ ಒಂದ್ ತಾಸಿನ್ಯಾಗ ಬರಬೇಕಂದ್ನಿ. ನನ್ನದ ತಪ್ಪಾತು."

ಅಪ್ಪ ಅವ್ವನಿಗೆ ಹೀಗೆ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವ್ವ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. "ಮೊದಲ ಉಣ್ರಿ," ಎಂದಳಷ್ಟೇ. ಮುಖ ಈ ಕಡೆ ತಿರುಗಿಸಲಿಲ್ಲ.

ಊಟ ಆದ ಮೇಲೆ ಅವಳೇ ಎದ್ದಳು. ಈ ಸಲ ಸ್ಕ್ರೂಡ್ರೈವರನ್ನು ಸ್ಕ್ರೂವಿಗೆ ಕೂರಿಸಿ ನನ್ನ ಕೈಗೆ ಕೊಟ್ಟಳು.

"ಮಾದೇವಿ, ಇದನ್ನ ಅಲುಗದಂಗ ಹಿಡಿ. ಉಸುರು ಸೈತ ಬಿಡಬ್ಯಾಡ."

ನಾನು ಎರಡೂ ಕೈಯಿಂದ ಹಿಡಿದೆ. ಅವ್ವ ನಟ್ಟು ಬಿಗಿ ಮಾಡಿದಳು. ಸ್ಕ್ರೂ ಅಲುಗಲಿಲ್ಲ. ಪಟ್ಟಿ ತೂರಿಸಿ ಮೆಲ್ಲಗೆ ಎಳೆದು, ಕೌದಿ ಹೊಲಿಯುವಾಗ ಸೂಜಿ ಬಂದ ಹಾಗೆ ಬರುತ್ತಿದೆ ಎಂದಳು. ಅಪ್ಪ ಎಡಗೈಯಿಂದ ಪಟ್ಟಿ ಎಳೆದು ನೋಡಿ ತಲೆಯಾಡಿಸಿದ. ಅವ್ವ ಸರಿ ಮಾಡಿದ ಎರಡನೆಯ ವಾಲನ್ನು ಅವನು ಪರೀಕ್ಷಿಸಲೇ ಇಲ್ಲ.

ಬಸಪ್ಪ ಕಾಕಾನನ್ನು ಕರೆಯೋಣವೆಂದ ಅಪ್ಪ. ಅವ್ವ ಆಗಲೇ ಸೆರಗು ಸೊಂಟಕ್ಕೆ ಸಿಗಿಸಿ ಹ್ಯಾಂಡಲ್ ಹಿಡಿದಿದ್ದಳು. ನಾಲ್ಕನೆಯ ಸುತ್ತಿನಲ್ಲಿ ಇಂಜಿನ್ ಕೆಮ್ಮಿತು, ಹೊಗೆ ಉಗುಳಿತು, ಆಮೇಲೆ ಓಡತೊಡಗಿತು. ಪೈಪಿನಲ್ಲಿ ನೀರು ಬಂದಾಗ ನಾನೂ ತಮ್ಮನೂ ಕಾಲುವೆಯಲ್ಲಿ ಬಿದ್ದು ಹೊರಳಾಡಿದೆವು. ಅವ್ವ ಶೆಡ್ಡಿನ ಬಾಗಿಲಲ್ಲೇ ನಿಂತು ಆ ಸದ್ದು ಕೇಳುತ್ತಿದ್ದಳು. ಅಷ್ಟು ಹೊತ್ತು ಸುಮ್ಮನೆ ನಿಂತ ಅವ್ವನನ್ನು ನಾನು ಮತ್ತೆಂದೂ ನೋಡಲಿಲ್ಲ.

ಅಪ್ಪನ ಕೈ ಕೂಡಿತು. ಆದರೂ ಆ ಕೆಲಸ ಅವನೊಬ್ಬನದಾಗಿ ಉಳಿಯಲಿಲ್ಲ. ಹಂಗಾಮಿಗೊಮ್ಮೆ ಮುಂಜಾನೆ, ಇಂಜಿನ್ ತಣ್ಣಗಿರುವಾಗ, ಮೂವರೂ ಅದರ ಸುತ್ತ ತಲೆಗೆ ತಲೆ ತಾಗಿಸಿ ಕೂಡುತ್ತಿದ್ದೆವು. ನಾನು ಲಗ್ನವಾಗಿ ಹುಕ್ಕೇರಿಗೆ ಬರುವವರೆಗೂ ಅದು ನಡೆಯಿತು.

ಈಗ ಅಪ್ಪ, ಅವ್ವ ಇಬ್ಬರೂ ಇಲ್ಲ. ತೋಟದಲ್ಲಿ ಕರೆಂಟಿನ ಮೋಟಾರಿದೆ, ನನ್ನ ತಮ್ಮ ಊರಲ್ಲಿ ಕುಳಿತೇ ಫೋನಿನಿಂದ ಅದನ್ನು ಚಾಲೂ ಮಾಡುತ್ತಾನೆ. ತ್ರಾಸು ಕಡಿಮೆಯಾಯಿತು, ಅದಕ್ಕೆ ನನ್ನ ದೂರಿಲ್ಲ. ಹೋದ ತಿಂಗಳು ನನ್ನ ಸ್ಕೂಟರಿನ ಟ್ಯಾಪೆಟ್ ಸದ್ದು ಮಾಡಿತೆಂದು ಸರ್ವಿಸಿಗೆ ಒಯ್ದಿದ್ದೆ. ಗಾಜಿನ ಆಚೆ ಯಾರೋ ರಿಪೇರಿ ಮಾಡಿದರು, ಈಚೆ ನಾನು ಕುರ್ಚಿಯಲ್ಲಿ ಕುಳಿತಿದ್ದೆ. ಮನೆಗೆ ಬಂದರೆ ಗಂಡ ಒಂದು ಕೋಣೆಯಲ್ಲಿ, ಮಗಳು ಇನ್ನೊಂದರಲ್ಲಿ. ಯಾರ ಮೇಲೂ ಯಾರಿಗೂ ಸಿಟ್ಟಿರಲಿಲ್ಲ. ಒಬ್ಬರು ಹಿಡಿದು ಇನ್ನೊಬ್ಬರು ಬಿಗಿ ಮಾಡಬೇಕಾದ ಕೆಲಸ ಮಾತ್ರ ನಮ್ಮ ಮನೆಯಲ್ಲಿ ಒಂದೂ ಉಳಿದಿರಲಿಲ್ಲ.