ರೆನ್ಸ್ಕೆಯ ಬರಿಗಾಲು

ಫ್ರೀಸ್‌ಲ್ಯಾಂಡಿನಲ್ಲಿ ಕಡಲು ಇಳಿದಾಗ ದಡದಿಂದ ದ್ವೀಪದವರೆಗೂ ಬರೀ ಕೆಸರು. ಆ ಕೆಸರಿನಲ್ಲಿ ಪ್ರವಾಸಿಗರನ್ನು ನಡೆಸಿಕೊಂಡು ಹೋಗುವುದು ಮೂವತ್ತು ವರ್ಷದಿಂದ ರೆನ್ಸ್ಕೆಯ ಕಸುಬು. ಹೊರಡುವ ಮುಂಚೆ ಎಲ್ಲರ ಕಾಲಿಗೂ ತಪಾಸಣೆ. ಗಿಡ್ಡ ಶೂ ಕಂಡರೆ ಮುಗಿಯಿತು.

"ಸ್ವಾಮಿ, ಇದನ್ನ ಕೆಸರು ಒಂದೇ ಗುಟುಕಿಗೆ ನುಂಗುತ್ತೆ. ಕಣಕಾಲು ಮುಚ್ಚೋ ಶೂ ಹಾಕಿ, ಲಾಡಿ ಬಿಗಿಯಾಗಿ ಕಟ್ಟಿ. ಸಿಂಪಿ ಚಿಪ್ಪು ಅಂದ್ರೆ ಬ್ಲೇಡು!"

ಬೈದು ಮುಗಿಸಿ ತಾನು ಮಾತ್ರ ಬರಿಗಾಲಲ್ಲಿ ಇಳಿಯುತ್ತಿದ್ದಳು. ಊರಿಗೆಲ್ಲ ಶಕುನ ಹೇಳುವ ಹಲ್ಲಿ! ಯಾರಾದರೂ ಕೇಳಿದರೆ, "ನಮ್ಮಪ್ಪನೂ ಹೀಗೇ ನಡೆದಿದ್ದು. ಎಲ್ಲಿ ಹೂಳು, ಎಲ್ಲಿ ಗಟ್ಟಿ ಅಂತ ಅಂಗಾಲೇ ಹೇಳುತ್ತೆ ಕಣ್ರೀ" ಎನ್ನುವಳು.

ಸಕ್ಕರೆ ಕಾಯಿಲೆ ಬಂದಮೇಲೆ ಡಾಕ್ಟರು ಗಿಣಿಗೆ ಹೇಳಿದ ಹಾಗೆ ಹೇಳಿದ್ದರು: ಗಾಯವಾದರೆ ಮೊದಲು ಬೆರಳು ಹೋಗುತ್ತದೆ, ಆಮೇಲೆ ಪಾದ. ಹೆಣ್ಣು ಕೇಳಬೇಕಲ್ಲ! ಗಂಡ ಡೌವೆ ದಿನಾ ಸಂಜೆ ಕನ್ನಡಕ ಏರಿಸಿ, ಅವಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಸಂದಿಯನ್ನೆಲ್ಲ ಹುಡುಕುತ್ತಿದ್ದ.

"ಮದುವೆ ಹೊಸದ್ರಲ್ಲೂ ನನ್ನ ಕಾಲನ್ನ ಹೀಗೆ ನೋಡಿರಲಿಲ್ಲ ನೀನು."

"ಆಗ ನೋಡೋಕೆ ಬೇರೆ ಇತ್ತು. ಮುಚ್ಚೇ ಬಾಯಿ."

ಈ ಆಗಸ್ಟಿನಲ್ಲಿ ಹನ್ನೆರಡು ಜನರೊಂದಿಗೆ ಅರ್ಧ ದಾರಿ ನಡೆದಿದ್ದಳು, ಅಂಗಾಲಿನ ಮಹಿಮೆ ಕೊಚ್ಚಿಕೊಳ್ಳುತ್ತಾ. ಹಿಂದಿದ್ದ ಹೆಂಗಸೊಬ್ಬಳು ಕಿರುಚಿದಳು: "ಅಕ್ಕಾ, ನಿಮ್ಮ ಹೆಜ್ಜೇಲಿ ರಕ್ತ!"

ರೆನ್ಸ್ಕೆ ತಿರುಗಿ ನೋಡಿದಳು. ಮರಳಿನ ದಿಬ್ಬದ ಮೇಲೆ ಒಂದು ಬಿಟ್ಟು ಒಂದು ಹೆಜ್ಜೆ ಕೆಂಪಾಗಿತ್ತು. ಎಡ ಹಿಮ್ಮಡಿ ಸೀಳಿಹೋಗಿತ್ತು, ಸಕ್ಕರೆ ಕಾಯಿಲೆಗೆ ಮರಗಟ್ಟಿದ ಅಂಗಾಲು ಅವಳಿಗೆ ಏನೂ ಹೇಳಿರಲಿಲ್ಲ. ಆ ಕೆಸರಿನಲ್ಲಿ ಮೊದಲ ಸಲ ಅವಳಿಗೆ ಹೆದರಿಕೆಯಾಯಿತು. ಪಾದ ಹೋದರೆ ಹೋಯಿತು, ಈ ಹನ್ನೆರಡು ಜನರನ್ನು ಯಾವುದನ್ನು ನಂಬಿ ಕರೆತಂದೆ? ಗಾಯಕ್ಕೆ ಬಟ್ಟೆ ಬಿಗಿದು, ಕೋಲಿನಿಂದ ಕೆಸರನ್ನು ಚುಚ್ಚಿ ಚುಚ್ಚಿ ನೋಡುತ್ತಾ ಎಲ್ಲರನ್ನೂ ವಾಪಸು ದಡ ಮುಟ್ಟಿಸಿದಳು.

ಆಸ್ಪತ್ರೆಯಲ್ಲಿ ಅವಳು ಸೂರು ನೋಡುತ್ತಾ ಮಲಗಿದ್ದಳು. ಡೌವೆ ಕಾಲು ಹಿಡಿದುಕೊಂಡಿದ್ದ. ಡಾಕ್ಟರು ಚಿಮುಟದಿಂದ ಚಿಪ್ಪಿನ ಚೂರು ಎಳೆದಾಗ ಅವನು "ಅಯ್ಯಪ್ಪಾ!" ಎಂದು ಮುಖ ಕಿವುಚಿದ.

"ಏನೋ, ಶುರು ಮಾಡಿದ್ರಾ?" ಎಂದಳು ರೆನ್ಸ್ಕೆ.

"ಮುಗೀತು ಕಣೇ" ಎಂದ ಡೌವೆ.

ಅವಳು ತಲೆಯೆತ್ತಿ ತನ್ನ ಪಾದದ ಕಡೆ ನೋಡಿದಳು. ಆಮೇಲೆ ಕೇಳಿದಳು, "ಶೂ ಅಂಗಡಿ ಎಷ್ಟೊತ್ತಿಗೆ ಮುಚ್ಚುತ್ತೆ?"