ಸಿಗಿರಿಯಾ ಬಂಡೆಗೆ ಹೊರಟ ಸೂಟ್‌ಕೇಸು

ಕುವೈತಿನಲ್ಲಿರುವ ನಮಗೆ ರಜೆ ಎಂದರೆ ಊರು. ಊರು ಎಂದರೆ ಮದುವೆ, ಗೃಹಪ್ರವೇಶ, ಆಮೇಲೆ ಯಾರಿಗೂ ಬೇಜಾರಾಗಬಾರದೆಂದು ಮನೆ ಮನೆಗೆ ಭೇಟಿ. ಹೋದಲ್ಲೆಲ್ಲ ಚಹಾ, ಹೋದಲ್ಲೆಲ್ಲ ಅದೇ ಪ್ರಶ್ನೆ: ಯಾವಾಗ ಬಂದದ್ದು, ಯಾವಾಗ ಹೊರಡುದು. ಜಾಬ್ರಿಯಾದ ಕ್ಲಿನಿಕ್ಕಿನಲ್ಲಿ ನರ್ಸ್ ಆಗಿರುವ ನನ್ನ ಹೆಂಡತಿ ಕಳೆದ ವರ್ಷ ಇದಕ್ಕೆಲ್ಲ ಖಲಾಸ್ ಎಂದಳು.

"ಈ ಸಲದ ರಜೆ ನನ್ನದು. ಶ್ರೀಲಂಕಾಕ್ಕೆ ಹೋಗುವ. ಅಲ್ಲಿ ನಮಗೆ ಒಬ್ಬ ನೆಂಟರೂ ಇಲ್ಲ. ನಾನು ಯಾರ ಅಡಿಗೆಮನೆಗೂ ಕಾಲಿಡುದಿಲ್ಲ. ಸಿಗಿರಿಯಾ ಬಂಡೆ ಹತ್ತಿ ಮೇಲೆ ಸುಮ್ಮನೆ ಕೂತ್ಕೊಳ್ತೇನೆ."

ಅವಳಿಗೆ ಆ ಬಂಡೆಯ ಹುಚ್ಚು. ಕಾಡಿನ ನಡುವೆ ಎದ್ದು ನಿಂತ ಹೆಬ್ಬಂಡೆ, ಅದರ ಮೈಮೇಲಿನ ಹಳೆಯ ಚಿತ್ರಗಳು, ನೆತ್ತಿಯಲ್ಲಿ ಪಾಳುಬಿದ್ದ ಅರಮನೆ, ಎಲ್ಲವನ್ನೂ ಫೋನಿನಲ್ಲಿ ನೋಡಿ ನೋಡಿ ಬಾಯಿಪಾಠ ಮಾಡಿದ್ದಳು. ಮದುವೆಯಾದ ಮೇಲೆ ಅವಳು ತನಗೆಂದು ಕೇಳಿದ್ದು ಇದೊಂದೇ. ರಾಯ್ ಏರಿಯಾದಲ್ಲಿ ನಾನು ಕೆಲಸ ಮಾಡುವ ಟೈಲ್ಸ್ ಶೋರೂಮಿನ ಮ್ಯಾನೇಜರನ ಕೈಕಾಲು ಹಿಡಿದು ನಾನೂ ಅದೇ ಸಮಯಕ್ಕೆ ರಜೆ ಹೊಂದಿಸಿಕೊಂಡೆ.

ಫಿಂಟಾಸಿನ ನಮ್ಮ ಬಿಲ್ಡಿಂಗಿನಲ್ಲಿ ಗುಟ್ಟು ನಿಲ್ಲುವುದುಂಟೇ? ಮೇಲಿನ ಮನೆಯ ಕುಂದಾಪುರದ ಹಿರಿಯರು ಖರ್ಜೂರದ ಡಬ್ಬ ಹಿಡಿದು ಬಂದರು.

"ಹ್ವಾಯ್, ಕೊಲಂಬೋಕ್ಕೆ ಹೋತ್ರಂಬ್ರಲೆ? ಮ್ಯಾಪಂಗೆ ಕಂಡ್ರೆ ಊರಿಗೆ ಹತ್ರವೇ ಇತ್ತ್. ಈ ಡಬ್ಬ ಅಲ್ಲಿಂದ ಯಾರತ್ರಾದ್ರೂ ನಮ್ಮನಿಗೆ ಕಳ್ಸಿ."

ಹೆಂಡತಿ ನಯವಾಗಿ ಡಬ್ಬ ವಾಪಸು ಕೊಟ್ಟಳು. ಅವಳ ಈ ಅವತಾರವನ್ನು ನಾನು ಹಿಂದೆ ನೋಡಿರಲಿಲ್ಲ.

ಹೊರಡುವ ಹಿಂದಿನ ದಿನ ತೂಕ ನೋಡಲೆಂದು ಸೂಟ್‌ಕೇಸು ಎತ್ತಿದರೆ ಸೊಂಟ ಹಿಡಿಯಿತು. ತೆರೆದು ನೋಡಿದೆ. ಹಾಲಿನ ಪುಡಿ, ಕಿತ್ತಳೆ ಶರಬತ್ತಿನ ಪುಡಿ, ಸಾಬೂನು, ನೋವಿನ ಮುಲಾಮು, ಅತ್ತರು, ಪಿಸ್ತಾ. ಊರಿಗೆ ಹೋಗುವಾಗ ತುಂಬುವುದೆಲ್ಲ ಅಚ್ಚುಕಟ್ಟಾಗಿ ತುಂಬಿತ್ತು. ನಮ್ಮ ಬಟ್ಟೆಗೇ ಜಾಗವಿರಲಿಲ್ಲ.

"ಇದೆಲ್ಲ ಯಾರಿಗೆ, ಬಂಡೆಗಾ?" ಎಂದೆ.

ಅವಳು ಹಾಸಿಗೆಯ ಮೇಲೆ ಕೂತುಬಿಟ್ಟಳು. "ಕೈ ತನ್ನಷ್ಟಕ್ಕೇ ಹಾಕಿದ್ದು ಮಾರಾಯ್ರೆ."

"ಮಮ್ಮಿ ಈಸ್ ಗೋಯಿಂಗ್ ಟು ಫೀಡ್ ದ ವೇಲ್ಸ್," ಎಂದು, ಅಲ್ಲಿ ತಿಮಿಂಗಿಲ ನೋಡಬೇಕೆಂದು ಹಟ ಹಿಡಿದಿದ್ದ ಮಗಳು ಬಿದ್ದು ಬಿದ್ದು ನಕ್ಕಳು.

ತುಂಬಿದ ಸೂಟ್‌ಕೇಸು ಖಾಲಿ ಮಾಡುವುದು ಅಪಶಕುನವಂತೆ. ಇದು ಯಾವ ಶಾಸ್ತ್ರದಲ್ಲಿದೆಯೋ ದೇವರಿಗೇ ಗೊತ್ತು. ಕೊನೆಗೆ ಅವಳೇ ಕ್ಲಿನಿಕ್ಕಿನಲ್ಲಿ ಆಯಾ ಆಗಿರುವ ಶ್ರೀಲಂಕಾದ ಹೆಂಗಸಿಗೆ ಫೋನ್ ಮಾಡಿ, ಅವಳ ತಾಯಿಯ ಮನೆ ಎಲ್ಲಿ ಎಂದು ಕೇಳಿದಳು. ದ್ವೀಪದ ದಕ್ಷಿಣ ತುದಿಯಲ್ಲಂತೆ, ಕಡಲ ಬದಿಗೆ.

"ಬಾಗಿಲಲ್ಲೇ ಕೊಟ್ಟು ಹೊರಡುದು. ಒಳಗೆ ಹೋಗ್ಲಿಕ್ಕಿಲ್ಲ," ಎಂದು ನನಗೇ ತಾಕೀತು ಮಾಡಿದಳು.

ದ್ವೀಪದಲ್ಲಿ ಮೊದಲು ಗಾಲೆಯ ಹಳೆಯ ಕೋಟೆಯ ಮೇಲೆ ನಡೆದೆವು. ತಿಮಿಂಗಿಲ ನೋಡಲು ದೋಣಿಯಲ್ಲಿ ಹೋದೆವು. ಅದು ಒಮ್ಮೆ ಬೆನ್ನು ತೋರಿಸಿ ಮುಳುಗುವಾಗ, ಮಲ್ಪೆಯಲ್ಲಿ ಹುಟ್ಟಿದ ನಾನು ದೋಣಿಯ ಆಚೆ ಬದಿಗೆ ಬಾಗಿ ವಾಂತಿ ಮಾಡುತ್ತಿದ್ದೆ. ಆಮೇಲೆ ಆಯಾಳ ತಾಯಿಯ ಮನೆ.

ಅಜ್ಜಿಗೆ ನಮ್ಮ ಭಾಷೆ ಬಾರದು, ನಮಗೆ ಅವರದ್ದು ಬಾರದು. ಹೆಂಡತಿಯ ಕೈ ಹಿಡಿದು ಒಳಗೆ ಎಳೆದುಕೊಂಡವರು ಆ ಕೈಯನ್ನು ಬಿಡಲೇ ಇಲ್ಲ. ತನ್ನ ಮಗಳನ್ನು ದಿನಾ ನೋಡುವವಳು ಇವಳು ಎಂಬುದೇ ಅವರಿಗೆ ಸಾಕಾಗಿತ್ತು. ತೆಂಗಿನಹಾಲಿನ ಅನ್ನ ಬಂತು, ಹಲಸಿನಕಾಯಿಯ ಗಸಿ ಬಂತು, ನೆರೆಕರೆಯವರೆಲ್ಲ ಬಂದರು. ಹೊರಡುತ್ತೇವೆಂದು ಎದ್ದಾಗಲೆಲ್ಲ ನಾಳೆ ಎಂದು ಕೈಸನ್ನೆ ಮಾಡಿ ಕೂರಿಸಿದರು. ನಮ್ಮ ಟ್ಯಾಕ್ಸಿ ಡ್ರೈವರ್ ಊಟ ಮುಗಿಸಿ ಜಗಲಿಯಲ್ಲಿ ಗೊರಕೆ ಹೊಡೆಯುತ್ತಿದ್ದ. ಮರುದಿನ ಎದ್ದು ನೋಡಿದರೆ ನನ್ನ ಹೆಂಡತಿ ಅಡಿಗೆಮನೆಯಲ್ಲಿ ಕೂತು ತೆಂಗಿನಕಾಯಿ ತುರಿಯುತ್ತಿದ್ದಾಳೆ.

"ಬಂಡೆ?" ಎಂದು ಕೇಳಿದೆ.

"ಅದು ಎಲ್ಲಿಗೆ ಓಡಿಹೋಗ್ತದೆ?"

ನನಗೆ ಸಿಟ್ಟೇ ಬಂತು. ಅವಳ ಆಸೆ ಅವಳಿಗಿಂತ ನನಗೇ ಹೆಚ್ಚಾಗಿತ್ತು. ನಾಳೆ ನಾಳೆ ಎಂದು ರಜೆ ಮುಗಿಯಿತು. ಬಂಡೆ ನೋಡದೆಯೇ ವಿಮಾನ ಹತ್ತಿದೆವು. ದಾರಿಯುದ್ದಕ್ಕೂ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು.

ಕುವೈತಿಗೆ ಬಂದ ಮೇಲೆ ಕ್ಲಿನಿಕ್ಕಿನ ಆ ಹೆಂಗಸು ಫೋಟೊ ನೋಡಲು ನಮ್ಮ ಮನೆಗೆ ಬಂದಳು. ಅಮ್ಮ, ಬಾವಿಕಟ್ಟೆ, ಒಲೆಯ ಮುಂದೆ ಅಮ್ಮ, ಮತ್ತೆ ಅಮ್ಮ. ಒಂದೊಂದನ್ನೂ ಬೆರಳಿನಿಂದ ದೊಡ್ಡದು ಮಾಡಿ ನೋಡಿದಳು. ಎಲ್ಲ ಮುಗಿದ ಮೇಲೆ ತನ್ನ ಹರಕುಮುರುಕು ಹಿಂದಿಯಲ್ಲಿ ಕೇಳಿದಳು:

"ಸಿಸ್ಟರ್, ಸಿಗಿರಿಯಾ ಫೋಟೊ ಇಲ್ವಾ?"

"ಹೋಗ್ಲಿಕ್ಕೆ ಆಗ್ಲಿಲ್ಲ," ಎಂದಳು ಹೆಂಡತಿ. "ನೀನೇ ಹೇಳು, ಮೇಲೆ ಹೇಗುಂಟು?"

ಅವಳು ಫೋನನ್ನು ಸೀರೆಯ ಸೆರಗಿನಿಂದ ಒರೆಸಿ ವಾಪಸು ಕೊಟ್ಟಳು.

"ನಾನೂ ನೋಡಿಲ್ಲ ಸಿಸ್ಟರ್. ರಜೆ ಸಿಕ್ಕಿದ್ರೆ ಸೀದಾ ಅಮ್ಮನ ಹತ್ರ ಹೋಗ್ತೇನೆ."